ಭಾವನ ಜೀಪಿನ ಅಡ್ಡಸರಳು

ಇವತ್ತು ಬೆಳಿಗ್ಗೆ ಚನ್ನರಾಯಪಟ್ಟಣದ ನನ್ನ ಪಾತ್ರೆ ಅಂಗಡಿಗೆ ಒಂದು ಪಾರ್ಸಲ್ ತಪ್ಪಿ ಬಂತು. ಹಾಸನದ ಬಸ್ಸಿನಿಂದ ಅದನ್ನು ಇಳಿಸಿಕೊಂಡು ಬಂದ ಹಮಾಲಿ, ಕುಕ್ಕರುಗಳ ಪಕ್ಕಕ್ಕೆ ಒರಗಿಸಿ, ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಟೇಹೋದ. ಗೋಣಿ ಸುತ್ತಿದ ಉದ್ದನೆಯ ಕಬ್ಬಿಣ. ಎರಡು ತುದಿಯೂ ಒಂದೇ ಕಡೆಗೆ ಬಾಗಿದೆ. ನನ್ನ ಹೆಂಡತಿ ಬಂದು ನೋಡಿ, "ಇದ್ಯಾವ ಬಾಣಲೆ ಹಿಡಿ ತರಿಸಿದ್ರಿ? ಯಾರ ಮನೆ ಮದುವೆಗೆ?" ಅಂದಳು. ಗೋಣಿಯ ತುದಿ ಸರಿಸಿದೆ. ಹೊಸ ರಬ್ಬರು, ಗ್ರೀಸು ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ನೋಡಿದರೆ, ಬೀದಿಯಾಚೆಯ ಆಟೋ ಸ್ಪೇರ್ಸ್ ಅಂಗಡಿಗೆ ಹೋಗಬೇಕಾದ ಮಾಲು. ಫೋನು ಮಾಡಿದೆ. "ಒಸಿ ಒತ್ತು ಅಲ್ಲೇ ಇರ್ಲಿ ಸಾ, ಬತ್ತೀನಿ" ಅಂದರು. ಗಿರಾಕಿಗಳಿಲ್ಲದ ಹೊತ್ತು. ಆ ವಾಸನೆಯ ಪಕ್ಕದಲ್ಲಿ ಕೂತು ಒಬ್ಬನೇ ನಗುತ್ತಿದ್ದೆ.

ಯಾಕೆ ನಕ್ಕೆ ಎಂದು ಹೇಳುವ ಮೊದಲು ಆ ಸಾಮಾನು ಯಾವುದೆಂದು ನಿಮಗೆ ಹೇಳಬೇಕು. ಗಾಡಿಯ ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವೆ, ಹೊಟ್ಟೆಯ ಕೆಳಗೆ ಅಡ್ಡಲಾಗಿ ಕೂರಿಸುವ ಸರಳು ಇದು. ತಿರುವಿನಲ್ಲಿ ಗಾಡಿ ಒಂದು ಮಗ್ಗುಲಿಗೆ ವಾಲಿದಾಗ ಈ ಸರಳು ತಾನು ತಿರುಚಿಕೊಂಡು, ವಾಲಬೇಡ ಎಂದು ಅದನ್ನು ಎಳೆದು ಹಿಡಿಯುತ್ತದೆ. ಓದಿದವರು ಸ್ವೇ ಬಾರ್ ಅನ್ನುತ್ತಾರೆ, ಮೆಕ್ಯಾನಿಕ್ಕುಗಳು ಸ್ಟೆಬಿಲೈಸರ್ ಅನ್ನುತ್ತಾರೆ, ನನ್ನ ಭಾವ ಅಡ್ಡಸರಳು ಅನ್ನುತ್ತಾರೆ. ಸ್ಟೀಲಿನ ಲೋಟ ಮಾರುವ ನನಗೆ ಇಷ್ಟು ಗೊತ್ತಿರುವುದೇ ಹೆಚ್ಚು. ಗೊತ್ತಾದದ್ದೂ ಅಕ್ಕನ ಸಂಸಾರದ ದೆಸೆಯಿಂದ.

ನನ್ನ ಅಕ್ಕನನ್ನು ಕೊಟ್ಟಿರುವುದು ಕೊಣನೂರಿನ ಹತ್ತಿರದ ಒಂದು ಹಳ್ಳಿಗೆ. ಭಾವ ಹೊಗೆಸೊಪ್ಪು ಬೆಳೆಯುತ್ತಾರೆ, ಅಕ್ಕ ಹಸು ಸಾಕಿ ಡೈರಿಗೆ ಹಾಲು ಹಾಕುತ್ತಾಳೆ. ಅವರ ಜಮೀನೂ, ಸೊಪ್ಪು ಬೇಯಿಸುವ ಬ್ಯಾರನ್ನೂ ಇರುವುದು ಊರಾಚೆ, ಒಂದು ಹಳ್ಳ ದಾಟಿ. ಆ ಹಳ್ಳದ ದಾರಿಗೋಸ್ಕರವೇ ಭಾವ ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಡೀಸೆಲ್ ಜೀಪು ಕೊಂಡರು. ಅದರ ಹಿಂದಿನ ಯಜಮಾನ ಬೆಟ್ಟ ಗುಡ್ಡ ಹತ್ತಿಸುವ ಶೋಕಿಯವನು. ಉದ್ದನೆಯ ಸ್ಪ್ರಿಂಗು, ಟ್ರ್ಯಾಕ್ಟರಿಗೆ ಹಾಕುವಂಥ ಟೈರು ಹಾಕಿಸಿ ಗಾಡಿಯನ್ನು ಮೇಲೆತ್ತಿಸಿದ್ದ. ಚಕ್ರಗಳು ಮೇಲೆ ಕೆಳಗೆ ಧಾರಾಳವಾಗಿ ಆಡಲಿ ಎಂದು ಅಡ್ಡಸರಳನ್ನೇ ಕಿತ್ತು ಬಿಸಾಕಿದ್ದ. ಭಾವನಿಗೆ ಅದೆಲ್ಲ ಗೊತ್ತಿರಲಿಲ್ಲ. ಗಾಡಿ ಎತ್ತರವಾಗಿ ಗಂಭೀರವಾಗಿ ಕಂಡಿತು, ಕೊಂಡರು.

ಭಾವ ಮಾತು ಕಮ್ಮಿಯ ಮನುಷ್ಯ. ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಅಕ್ಕನನ್ನು ಸಿನಿಮಾಗೆ ಕರೆದುಕೊಂಡು ಹೋದವರಲ್ಲ, ಕೈಹಿಡಿದು ನಡೆದವರಲ್ಲ. ಆದರೆ ಜೀಪು ಬಂದ ದಿನ ಎಡಗಡೆಯ ಸೀಟಿನ ಮೇಲೆ ಹೊಸ ಟವೆಲು ಹಾಸಿ, "ಇಲ್ಲಿ ನಿಮ್ಮಕ್ಕ ಕೂರ್ತಾಳೆ" ಎಂದು ನನಗೆ ಹೇಳಿದರು. ನಾನು ಹಿಂದಿನ ಸೀಟಿಗೆ ಹೋದೆ. ನನ್ನ ದೇಹದ ಅಳತೆಗೆ ಆ ಜೀಪಿನ ಹಿಂಬಾಗಿಲು ದೊಡ್ಡದೇನಲ್ಲ, ಆದರೂ ಹೇಗೋ ತೂರಿಕೊಂಡೆ. ಭಾವನಿಗೆ ಜೀವನದಲ್ಲಿ ಆಸೆ ಎಂದು ಒಂದಿದ್ದರೆ ಅದು ಅಕ್ಕ ಪಕ್ಕದಲ್ಲಿ ಕೂತು ಊರು ಸುತ್ತುವುದು ಎಂದು ನನಗೆ ಆವತ್ತೇ ತಿಳಿಯಿತು.

ಅವರ ಮೊದಲ ಪಯಣ ನಮ್ಮ ಮನೆಗೇ, ನನ್ನ ಮೊಮ್ಮಗಳ ನಾಮಕರಣಕ್ಕೆ. ಅಕ್ಕ ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಕಜ್ಜಾಯದ ಡಬ್ಬಿ ಇಟ್ಟುಕೊಂಡು ಹೊರಟಿದ್ದಾಳೆ. ಹೊಳೆನರಸೀಪುರ ಇನ್ನೇನು ಬಂತು ಅನ್ನುವಾಗ ಒಂದು ತಿರುವು. ಎತ್ತರದ ಗಾಡಿ, ಹಿಡಿದಿಡಲು ಸರಳಿಲ್ಲ. ಜೀಪು ಪೂರ್ತಿ ಎಡಕ್ಕೆ ವಾಲಿ, ಅಕ್ಕ ಬಾಗಿಲಿಗೆ ಬಿದ್ದು, ಡಬ್ಬಿ ತೆರೆದುಕೊಂಡು ಕಜ್ಜಾಯವೆಲ್ಲ ಭಾವನ ಕಾಲ ಬುಡಕ್ಕೆ ಹೋಯಿತು. ಅಕ್ಕ ಕೂಗಲಿಲ್ಲ, ಅಳಲಿಲ್ಲ. ಬಸ್ ಸ್ಟ್ಯಾಂಡ್ ಮುಂದೆ ನಿಲ್ಲಿಸಿ ಎಂದಳು, ಇಳಿದಳು, ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. "ವಾಲೋ ಗಾಡೀಲಿ ನಾನಿನ್ನು ಕೂರಾಕಿಲ್ಲ" ಎಂದಷ್ಟೇ ಅವಳು ಹೇಳಿದ್ದು. ಹೇಗೂ ಹೆಂಗಸರಿಗೆ ಬಸ್ಸು ಫ್ರೀ. ಆ ಯೋಜನೆ ಮಾಡಿದವರು ನನ್ನ ಭಾವನ ಪಾಡನ್ನು ಯೋಚಿಸಿರಲಾರರು.

ಆಮೇಲೆ ಭಾವ ಏನು ಮಾಡಿದರು ಗೊತ್ತೇ? ಆ ಬಸ್ಸಿನ ಹಿಂದೆಯೇ ಜೀಪು ಓಡಿಸಿಕೊಂಡು ಬಂದರು. ಬಸ್ಸು ನಿಂತಲ್ಲಿ ನಿಂತು, ಹೊರಟಾಗ ಹೊರಟು. ಕಂಡಕ್ಟರು, "ಅಮ್ಮಾ, ಯಾರೋ ಜೀಪ್ನೋರು ನಮ್ಮನ್ನ ಫಾಲೋ ಮಾಡ್ತಾವ್ರೆ" ಎಂದನಂತೆ. ಅಕ್ಕ ಹಿಂತಿರುಗಿ ನೋಡದೆ, "ಮಾಡ್ಲಿ ಬುಡಪ್ಪ, ಅವ್ರು ನಮ್ಮೋರೇಯ" ಎಂದಳಂತೆ. ಆ ವರ್ಷವೆಲ್ಲ ಇದೇ ಆಯಿತು. ಹಾಸನದ ಆಸ್ಪತ್ರೆಗಿರಲಿ, ಅರಕಲಗೂಡಿನ ಮದುವೆಗಿರಲಿ, ಮುಂದೆ ಬಸ್ಸಿನಲ್ಲಿ ಅಕ್ಕ, ಹಿಂದೆ ಜೀಪಿನಲ್ಲಿ ಭಾವ. ಟವೆಲು ಹಾಸಿದ ಸೀಟು ಖಾಲಿ. ಅದರ ಮೇಲೆ ಯಾರನ್ನೂ ಅವರು ಕೂರಿಸಿದ್ದಿಲ್ಲ. ನನಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ನಗು ಬರುವುದು ನಿಂತಿತು.

ಕೊನೆಗೆ ಭಾವ ನನ್ನನ್ನೂ ಕರೆದುಕೊಂಡು ಹೊಳೆನರಸೀಪುರದ ರಿಯಾಜ್ ಎಂಬ ಮೆಕ್ಯಾನಿಕ್ಕಿನ ಹತ್ತಿರ ಹೋದರು. ರಿಯಾಜ್ ಭಾಯಿಯ ಕೈ ಒಳ್ಳೆಯದು, ಬಾಯಿ ಅದಕ್ಕಿಂತ ದೊಡ್ಡದು. ಜೀಪಿನ ಕೆಳಗೆ ಇಣುಕಿ, "ಸ್ಟೆಬಿಲೈಸರೇ ಇಲ್ವಲ್ಲ ಸಾ! ಇಂಗೆ ಬುಟ್ರೆ ವಾಲದೆ ಇನ್ನೇನ್ ಮಾಡ್ತದೆ?" ಎಂದರು. ಭಾವ ಕೇಳಿದ್ದು ಒಂದೇ ಪ್ರಶ್ನೆ: "ದಪ್ಪಂದು ಆಕಿದ್ರೆ ಒಸಿನೂ ವಾಲಾಕಿಲ್ವಾ?" ರಿಯಾಜ್ ಎದೆ ತಟ್ಟಿಕೊಂಡು, ದಪ್ಪ ಆದಷ್ಟೂ ಒಳ್ಳೆಯದು ಎಂದುಬಿಟ್ಟರು. ನಮ್ಮ ಕಡೆ ಗಾಡಿಯ ಅಚ್ಚಿನಿಂದ ಹಿಡಿದು ಬಾಗಿಲಿನ ಅಗುಳಿಯವರೆಗೆ ಎಲ್ಲದಕ್ಕೂ ಇದೇ ಲೆಕ್ಕ. ನಾನೂ ತಲೆಯಾಡಿಸಿದೆ, ತಳ ದಪ್ಪಗಿರುವ ಪಾತ್ರೆಯನ್ನೇ ಒಳ್ಳೆಯದೆಂದು ಜನಕ್ಕೆ ಮಾರುತ್ತ ಬಂದವನಲ್ಲವೇ. ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ, ಯಾವುದೋ ದೊಡ್ಡ ವ್ಯಾನಿನದು, ಕಬ್ಬಿನ ಜಲ್ಲೆಯಷ್ಟು ದಪ್ಪದ ಸರಳು ತಂದು ಕೂರಿಸಿದರು. ಆವತ್ತು ಗ್ಯಾರೇಜಿನಲ್ಲಿ ಮೂಗಿಗೆ ಬಡಿದ ರಬ್ಬರು ಗ್ರೀಸಿನ ವಾಸನೆಯೇ ಇವತ್ತು ಅಂಗಡಿಯಲ್ಲಿ ನನ್ನನ್ನು ನಗಿಸಿದ್ದು.

ಟಾರು ರಸ್ತೆಯ ಮೇಲೆ ಜೀಪು ಹೊಸ ಗಾಡಿಯೇ ಆಯಿತು. ಭಾವ ನನ್ನ ಅಂಗಡಿಯ ಒಂದು ಲೋಟಕ್ಕೆ ನೀರು ತುಂಬಿಸಿ ನನ್ನ ಕೈಗೆ ಕೊಟ್ಟು, ಶಾಂತಿಗ್ರಾಮದವರೆಗೆ ಹೋಗಿ ಬಂದರು. ತಿರುವುಗಳಲ್ಲಿ ತುಳುಕಿದ್ದು ಒಂದೇ ಗುಟುಕು. ನಾನು ಹೋಗಿ ಅಕ್ಕನ ಮುಂದೆ ಸಾಕ್ಷಿ ಹೇಳಿದೆ. ಅಕ್ಕ ನನ್ನನ್ನೂ ಭಾವನನ್ನೂ ಮೇಲಿಂದ ಕೆಳಗೆ ನೋಡಿ, "ಒಂದ್ಸಲ. ವಾಲ್ತು ಅಂದ್ರೆ ಮುಗೀತು" ಅಂದಳು.

ಹಾಸನಕ್ಕೆ ಹೋದೆವು. ಭಾವ ಕ್ಷೌರ ಮಾಡಿಸಿಕೊಂಡಿದ್ದರು. ಜೀಪು ಹಂದಾಡಲಿಲ್ಲ. ಹೋಗುತ್ತ ಅಕ್ಕ ಒಂದು ಕೈಯಲ್ಲಿ ಬಾಗಿಲು ಹಿಡಿದಿದ್ದಳು, ಬರುತ್ತ ಆ ಕೈ ಬಿಟ್ಟು ಕಡಲೆಕಾಯಿ ಸುಲಿಯುತ್ತಿದ್ದಳು. ಸುಲಿದದ್ದನ್ನು ಭಾವನ ಕೈಗೂ ಹಾಕಿದಳು. ಎಲ್ಲ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಕೊಣನೂರು ದಾಟಿದ ಮೇಲೆ ಭಾವನಿಗೆ ಉತ್ಸಾಹ ಜಾಸ್ತಿಯಾಗಿ, "ಇಂಗೇ ಬ್ಯಾರನ್ ತಾವ ಓಗಿ ಬರಾನ" ಎಂದು ಹೊಲದ ದಾರಿಗೆ ತಿರುಗಿಸಿದರು.

ಹಳ್ಳಕ್ಕೆ ಓರೆಯಾಗಿ ಇಳಿಯಬೇಕು. ಬಲಗಡೆಯ ಮುಂಚಕ್ರ ತಗ್ಗಿಗೆ ಬಿತ್ತು. ಎಡಗಡೆಯದು ದಿಬ್ಬ ಹತ್ತಬೇಕು. ಸರಳಿಲ್ಲದಿದ್ದಾಗ ಒಂದು ಚಕ್ರ ಕೆಳಗಿಳಿದು ಇನ್ನೊಂದು ಮೇಲೆ ಮಡಚಿಕೊಂಡು ಜೀಪು ಆರಾಮವಾಗಿ ದಾಟುತ್ತಿದ್ದ ಜಾಗ ಅದು. ಈಗ ಆ ದಪ್ಪ ಸರಳು ಎರಡನ್ನೂ ಜೊತೆಗೆ ಬಿಗಿದಿಟ್ಟಿದೆ. ಕೆಳಗಿಳಿಯಬೇಕಾದ ಚಕ್ರ ಇಳಿಯಲೊಲ್ಲದು, ಮಡಚಬೇಕಾದದ್ದು ಮಡಚಲೊಲ್ಲದು. ಇಡೀ ಜೀಪೇ ಬಲಕ್ಕೆ ತೊನೆದು, ಹಿಂದಿನ ಎಡಚಕ್ರ ನೆಲ ಬಿಟ್ಟು ಗಾಳಿಯಲ್ಲಿ ಸುಮ್ಮನೆ ತಿರುಗತೊಡಗಿತು. ಅಕ್ಕ ಎಡಗಡೆ, ಆಕಾಶದಲ್ಲಿ. ಭಾವ ನನ್ನ ಕಡೆ ನೋಡದೆಯೇ, "ಬಾಮೈದಾ, ಎಡಕ್ಕೆ ಬಾ! ನಿನ್ ತೂಕ ಆ ಕಡೀಕೆ ಆಕು!" ಎಂದು ಕೂಗಿದರು. ಎತ್ತಿನ ಗಾಡಿ ಹೊಡೆದ ಮನೆತನ. ಭಾರ ನೋಡಿ ಜನರನ್ನು ಕೂರಿಸುವ ಅಭ್ಯಾಸ. ಅವರು ನನ್ನನ್ನು ಎಲ್ಲಿಗೆ ಹೋದರೂ ಕರೆಯುವುದು ಪ್ರೀತಿಯಿಂದ ಎಂದುಕೊಂಡಿದ್ದೆ. ಸರಿ, ನನ್ನ ತೂಕವನ್ನೆಲ್ಲ ಎಡಕ್ಕೆ ಹಾಕಿದೆ. ಚಕ್ರ ನೆಲ ಮುಟ್ಟಿತು. ಅಷ್ಟರಲ್ಲಿ ಅಕ್ಕ ಸೆರಗು ಸಿಕ್ಕಿಸಿಕೊಂಡು ಇಳಿದುಬಿಟ್ಟಳು.

ಭಾವ ಎಂಜಿನ್ ಆರಿಸಿದರು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಅಕ್ಕ ಈಗ ಟಾರು ರಸ್ತೆಯವರೆಗೆ ನಡೆದುಹೋಗಿ ಬಸ್ಸು ಹತ್ತುತ್ತಾಳೆ, ಇನ್ನು ಈ ಜನ್ಮದಲ್ಲಿ ಈ ಸೀಟಿಗೆ ಬರುವುದಿಲ್ಲ ಎಂದು ನಾವಿಬ್ಬರೂ ತಿಳಿದೆವು. ಅಕ್ಕ ನಡೆಯಲಿಲ್ಲ. ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಜೀಪಿನ ಅಡಿಗೆ ಬಗ್ಗಿ ನೋಡಿದಳು, ಹುಷಾರಿಲ್ಲದ ಹಸುವನ್ನು ನೋಡುವ ಹಾಗೆ.

"ರೀ, ಆ ಎರಡೂ ಚಕ್ರ ಸೇರಿಸ್ಕಂಡು ಅಡ್ಡಡ್ಡ ಓಗೈತಲ್ಲ, ಏನದು?"

"ಅದೇ ಕಣೆ, ವಾಲ್ದಂಗೆ ಆಕ್ಸಿದ್ದು."

"ಅಯ್ಯೋ ಶಿವನೇ! ಎರಡು ಕಾಲ್ಗೂ ಅಗ್ಗ ಬಿಗ್ದು ಅಳ್ಳ ಇಳಿ ಅಂದ್ರೆ ಯಾವ ಅಸ ಇಳ್ದದು?"

ಒದೆಯುವ ಹಸುವಿನ ಹಿಂಗಾಲು ಎರಡನ್ನೂ ಸೇರಿಸಿ ಹಗ್ಗ ಕಟ್ಟಿ ಹಾಲು ಕರೆಯುವುದು ಅವಳ ದಿನಾ ಬೆಳಗಿನ ಕೆಲಸ. ಕರೆದಾದ ಮೇಲೆ ಬಿಚ್ಚಿಯೇ ಮೇಯಲು ಬಿಡುವುದು. ಬಿಚ್ಚುವುದನ್ನು ಮರೆತವರುಂಟೇ? ನಾವು ಮರೆತಿದ್ದೆವು. ಜೀಪನ್ನು ಹಿಂದಕ್ಕೆ ತಳ್ಳಿ ಸಮನೆಲಕ್ಕೆ ತಂದೆವು. ಭಾವ ಇಸ್ತ್ರಿಯಾದ ಬಿಳಿ ಅಂಗಿಯಲ್ಲೇ ಅಡಿಗೆ ಹೋಗಿ ಸರಳನ್ನು ಚಕ್ರಕ್ಕೆ ಸೇರಿಸುವ ಕೊಂಡಿಗಳ ಬೋಲ್ಟು ಬಿಚ್ಚಿದರು, ಜೋಲುವ ತುದಿಗಳನ್ನು ಮೇಲಕ್ಕೆ ಎತ್ತಿ ಕಟ್ಟಿದರು. ಮತ್ತೆ ಅದೇ ಹಳ್ಳ. ಅಕ್ಕ ಬದುವಿನ ಮೇಲೆ ಜೀಪಿನ ಜೊತೆಜೊತೆಗೆ ಬಗ್ಗಿಕೊಂಡೇ ನಡೆದಳು. ಬಲಚಕ್ರ ತಗ್ಗಿಗಿಳಿಯಿತು, ಎಡಚಕ್ರ ಮೇಲಕ್ಕೆ ಮಡಚಿತು, ಜೀಪಿನ ಮೈ ಹೆಚ್ಚೇನೂ ಅಲುಗದೆ ಸಾಗಿತು. "ನೋಡ್ಲಾ, ನೋಡ್ಲಾ! ಕಾಲು ಮಡಿಸ್ತು ಕಣ್ಲಾ!" ಎಂದು ನನಗೆ ತೋರಿಸಿ, ಆಚೆ ದಡದಲ್ಲಿ ತಾನಾಗಿಯೇ ಬಂದು ಮುಂದಿನ ಸೀಟಿನಲ್ಲಿ ಕೂತಳು. ಭಾವ ಮೂಗು ಒರೆಸಿಕೊಳ್ಳುವ ನೆಪದಲ್ಲಿ ಮುಖವನ್ನೆಲ್ಲ ಗ್ರೀಸು ಮಾಡಿಕೊಂಡರು.

ಆಮೇಲೆ ಆ ಸರಳೂ ಉಳಿಯಲಿಲ್ಲ. ರಸ್ತೆಯಲ್ಲೂ ಒಂದು ಚಕ್ರ ಗುಂಡಿಗೆ ಬಿದ್ದರೆ ಇಡೀ ಜೀಪು ಕುಕ್ಕುತ್ತಿತ್ತು. "ಅಗ್ಗ ಅತಿ ಬಿಗಿಯಾದ್ರೆ ಅಸ ಆಲೇ ಇಳ್ಸಾಕಿಲ್ಲ" ಎಂದು ಅಕ್ಕ ತೀರ್ಪು ಕೊಟ್ಟಳು. ರಿಯಾಜ್ ಭಾಯಿ ಹೆಬ್ಬೆರಳು ದಪ್ಪದ್ದು ಒಂದನ್ನು ಹುಡುಕಿ ಹಾಕಿ, ಬೋಲ್ಟಿನ ಬದಲು ಕೈಯಲ್ಲೇ ಎಳೆಯುವ ಪಿನ್ನು ಮಾಡಿಕೊಟ್ಟರು. ಇದೆಲ್ಲ ತಮ್ಮದೇ ಐಡಿಯಾ ಎಂದು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಒಮ್ಮೆ ರಾಮನಾಥಪುರದಲ್ಲಿ, ದೊಡ್ಡ ದೊಡ್ಡ ಗಾಡಿ ತಂದಿದ್ದ ಹಾಸನದ ಕೆಲವರು ಭಾವನ ಜೀಪು ನೋಡಿ, "ಸೂಪರ್ ಫ್ಲೆಕ್ಸ್ ಐತೆ ಸಾರ್ ನಿಮ್ಮ ಗಾಡಿಗೆ" ಎಂದರು. ಚಕ್ರ ಹಾಗೆ ಮೇಲೆ ಕೆಳಗೆ ಆಡುವುದಕ್ಕೆ ಅವರಲ್ಲಿ ಆ ಹೆಸರಂತೆ. ಭಾವ ಅರ್ಥವಾಗದಿದ್ದರೂ ಗಂಭೀರವಾಗಿ ತಲೆಯಾಡಿಸಿದರು, ಮನೆಗೆ ಬಂದು ಮೂರು ಜನಕ್ಕೆ ಹೇಳಿದರು.

ಅಂಗಡಿಯ ಆ ಸರಳನ್ನು ಮಧ್ಯಾಹ್ನ ಬಂದು ತೆಗೆದುಕೊಂಡು ಹೋದರು. ಆಗಲೇ ಅಕ್ಕನನ್ನು ನೋಡಬೇಕೆನಿಸಿ, ಫೋನು ಮಾಡಿ ಬಸ್ಸು ಹತ್ತಿದೆ. ಕೊಣನೂರಿಗೆ ಇಬ್ಬರೂ ಜೀಪಿನಲ್ಲಿ ಬಂದು ಕಾದಿದ್ದರು. ಭಾವನಿಗೆ ಈಗ ಬೆನ್ನು ಬಗ್ಗುವುದಿಲ್ಲ. ಟಾರು ಮುಗಿಯುವಲ್ಲಿ ಜೀಪು ನಿಂತಿತು. ಅಕ್ಕ ಇಳಿದು, ಗೋಣಿಚೀಲ ಹಾಸಿಕೊಂಡು ಪಿನ್ನು ಎಳೆಯಲು ಅಡಿಗೆ ಹೋದಳು. ಭಾವ ಅವಳ ಚಪ್ಪಲಿ ಪಕ್ಕಕ್ಕಿಟ್ಟು, ಕನ್ನಡಕ ಕೈಯಲ್ಲಿ ಹಿಡಿದು ನಿಂತರು. ಬೈಕಿನವನೊಬ್ಬ ನಿಲ್ಲಿಸಿ, "ಏನವ್ವಾ, ರಿಪೇರಿಯಾ?" ಎಂದ. "ರಿಪೇರಿ ಅಲ್ಲ ಕಣಪ್ಪ, ಎಲ್ಲಾ ಸರ್ಯಾಗೈತೆ, ಓಗು ನೀನು" ಎಂದು ಅಡಿಯಿಂದ ಉತ್ತರ ಬಂತು.

ಹೊಲ ನೋಡಿದ್ದಾಯಿತು, ಹೊರಟೆವು. ಸ್ವಲ್ಪ ದೂರದಲ್ಲಿ ದಾರಿ ಕವಲಾಗುತ್ತದೆ. ಬಲಕ್ಕೆ ಹೋದರೆ ಸೀದಾ ಟಾರು, ಹತ್ತು ನಿಮಿಷದಲ್ಲಿ ಮನೆ. ಎಡಕ್ಕೆ ಕಾವೇರಿ ದಂಡೆಯ ದಾರಿ, ಬರೀ ಗುಂಡಿ ದಿಬ್ಬ, ಸುತ್ತುಬಳಸು. ಭಾವ ಅಕ್ಕನ ಮೇಲಿನ ಕನಿಕರಕ್ಕೆ ಬಲಕ್ಕೆ ತಿರುಗಿಸಲು ಹೋದರು.

"ಆ ಕಡೀಕೆ ಯಾಕೆ?" ಅಂದಳು ಅಕ್ಕ. "ಒಳೆ ದಂಡೆ ಮೇಲೇ ಓಗಿ."

"ಸುತ್ತಾಯ್ತದಲ್ಲೇ. ಗುಂಡಿ ಬ್ಯಾರೆ."

"ಆಗ್ಲಿ. ಮನೇಗ್ ಓದ್ರೆ ನೀವು ಟಿವಿ ಮುಂದೆ ಕೂರ್ತೀರಿ, ನಾನು ಕೊಟ್ಟಿಗೆಗೆ ಓಯ್ತೀನಿ."

ಭಾವ ಎಡಕ್ಕೆ ತಿರುಗಿಸಿದರು, ಗೇರು ಇಳಿಸಿ, ಎಷ್ಟು ನಿಧಾನವಾಗಿ ಹೋಗಲು ಸಾಧ್ಯವೋ ಅಷ್ಟು ನಿಧಾನವಾಗಿ ಬಿಟ್ಟರು.