ಟಪ್ ಎನ್ನದ ಕ್ಯಾಮೆರಾ

ನನ್ನ ಭಾವನಿಗೆ ಬೆಳಕಿನ ಬಗ್ಗೆ ತಿಳಿದಿರುವಷ್ಟು ಸೂರ್ಯನಿಗೂ ತಿಳಿದಿಲ್ಲ. ಇದು ನನ್ನ ಮಾತಲ್ಲ, ಅವರದೇ. ಅಕ್ಕನನ್ನು ಮದುವೆಯಾದ ಹೊಸತರಲ್ಲಿ ಅವರು ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಮೂಗಿನ ನೆರಳು ಯಾವ ಕಡೆ ಬಿದ್ದರೆ ನಾನು ಸಭ್ಯನಂತೆಯೂ ಯಾವ ಕಡೆ ಬಿದ್ದರೆ ಕಳ್ಳನಂತೆಯೂ ಕಾಣುತ್ತೇನೆ ಎಂಬುದನ್ನು ತಟ್ಟೆಯಲ್ಲಿದ್ದ ಊಟ ಆರಿ ತಣ್ಣಗಾಗುವವರೆಗೆ ವಿವರಿಸಿದ್ದರು. ಅಂದಿನಿಂದ ಅವರೆದುರು ಕೂರುವಾಗ ಕಿಟಕಿಯನ್ನು ಬೆನ್ನಿಗೆ ಹಾಕಿಕೊಂಡೇ ಕೂರುವುದು ನನಗೆ ಅಭ್ಯಾಸವಾಗಿದೆ.

ಅವರ ಸ್ಟುಡಿಯೊ ಒಂದು ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಕಡಿದಾದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವರಿಗೆ ಮೊದಲು ಸಿಗುವುದು ಕನ್ನಡಿ ಮತ್ತು ದಾರ ಕಟ್ಟಿದ ಬಾಚಣಿಗೆ. ಆಮೇಲೆ ಬೂದು ಬಣ್ಣದ ಗೋಡೆ, ತಿರುಗುವ ಸ್ಟೂಲು, ಅದರ ಎದುರು ಭಾವ. ಪರದೆಯ ಹಿಂದೆ ಅಕ್ಕ ಫೋಟೊಗಳ ಅಂಚು ಕತ್ತರಿಸುತ್ತ ಕೂತಿರುತ್ತಾಳೆ. ಅವರ ಮಗಳು ಪಕ್ಕದ ಕಂಪ್ಯೂಟರಿನಲ್ಲಿ ಗಿರಾಕಿಗಳ ಮೊಡವೆ ಅಳಿಸುತ್ತಿರುತ್ತಾಳೆ. ಕೂತವರಿಗೆಲ್ಲ ಭಾವ "ಗಲ್ಲ ಸ್ವಲ್ಪ ಕೆಳಗೆ" ಎನ್ನುವುದರಿಂದ ಬೀದಿಯವರು ಅವರಿಗೆ ಗಲ್ಲದ ಸಾಹೇಬ್ರು ಎಂದು ಹೆಸರಿಟ್ಟಿದ್ದಾರೆ. ಭಾವ ಅದನ್ನು ಬಿರುದು ಎಂದುಕೊಂಡಿದ್ದಾರೆ.

ಇಷ್ಟೆಲ್ಲ ಗೇಲಿ ಮಾಡಿದ ಮೇಲೆ ಒಂದು ಮಾತು ಹೇಳಲೇಬೇಕು. ಅವರು ತೆಗೆದ ಫೋಟೊದಲ್ಲಿ ಮನುಷ್ಯರು ಮನುಷ್ಯರಂತೆ ಇರುತ್ತಾರೆ. ಬೇರೆ ಕಡೆ ತೆಗೆಸಿದ ಗುರುತಿನ ಚೀಟಿಯ ಫೋಟೊ ನೋಡಿದರೆ ಪೊಲೀಸರಿಗೆ ಫೋನ್ ಮಾಡೋಣ ಅನಿಸುತ್ತದೆ. ಭಾವ ತೆಗೆದದ್ದನ್ನು ಜನ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತೂಗುಹಾಕುತ್ತಾರೆ. "ಅಮ್ಮ ಈಗ ಏನೋ ಹೇಳೋಕೆ ಬಾಯಿ ತೆಗೆದ ಹಾಗಿದೆ ನೋಡಿ" ಎಂದು ಕಣ್ಣೊರೆಸಿಕೊಂಡವರನ್ನು ನಾನೇ ಕಂಡಿದ್ದೇನೆ. "ಎಲ್ಲಾ ಬೆಳಕು," ಎಂದು ಭಾವ ಗಂಭೀರವಾಗಿ ಹೇಳುತ್ತಾರೆ.

ಇಂಥ ಭಾವನ ಕ್ಯಾಮೆರಾ ಮುದಿಯಾಯಿತು. ಬಟನ್ ಒತ್ತಿದರೆ ಒಳಗಿನ ಪರದೆ ಒಮ್ಮೊಮ್ಮೆ ಪೂರ್ತಿ ತೆರೆಯದೆ, ಫೋಟೊದ ಮೇಲ್ಭಾಗದಲ್ಲಿ ಕಪ್ಪು ಪಟ್ಟಿ ಬೀಳತೊಡಗಿತು. ಮದುಮಗಳೊಬ್ಬಳಿಗೆ ತಲೆಯೇ ಇರಲಿಲ್ಲ. ಹೊಸ ಬಾಡಿ, ಅಂದರೆ ಲೆನ್ಸು ಬಿಟ್ಟು ಉಳಿದ ಕ್ಯಾಮೆರಾ, ಕೊಳ್ಳಲೇಬೇಕು, ಲೆನ್ಸುಗಳು ಇರುವವೇ ಸಾಕು ಎಂದು ತೀರ್ಮಾನವಾಯಿತು. ಯಾವ ಬಾಡಿ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಮಗಳು ಪುಟ್ಟದಾದ, ಒಳಗೆ ಕನ್ನಡಿಯಿಲ್ಲದ, ಸದ್ದೇ ಮಾಡದ ಹೊಸ ನಮೂನೆಯದನ್ನು ಬಯಸಿದಳು. ಭಾವ ಹಳೆಯದರ ಹಾಗೇ ದಪ್ಪಗಿರುವ, ಕುತ್ತಿಗೆಗೆ ಹಾಕಿಕೊಂಡರೆ ಎದುರಿನವರು ದಾರಿ ಬಿಡುವಂಥದ್ದನ್ನು ಬಯಸಿದರು. ನಾನು ಒಂದಷ್ಟು ವಿಡಿಯೊ ನೋಡಿ ಪರಿಣತನಾಗಿ ಬಂದು ಇಬ್ಬರಿಗೂ ಬುದ್ಧಿ ಹೇಳಿದೆ.

"ನಿಂಗೇನೋ ಗೊತ್ತು? ನೀನು ಫೋನಲ್ಲಿ ಫೋಟೊ ತೆಗೆದ್ರೂ ಬೆರಳೇ ಬರುತ್ತೆ," ಎಂದಳು ಅಕ್ಕ ಪರದೆಯ ಹಿಂದಿನಿಂದ.

ಕೊನೆಗೆ ಕ್ಯಾಮೆರಾ ಅಂಗಡಿಯವನು ಮಗಳ ಆಯ್ಕೆಯ ಬಾಡಿಯನ್ನೇ ಪರೀಕ್ಷೆಗೆಂದು ಕೆಲವು ದಿನ ಕೊಟ್ಟುಕಳಿಸಿದ. ಅದೇ ಸಮಯಕ್ಕೆ ಹೆಡ್‌ಮಿಸ್ ಬಂದರು.

ಹೆಡ್‌ಮಿಸ್ ಎಂದರೆ ನಮ್ಮ ಬೀದಿಯ ಕೊನೆಯ ಶಾಲೆಯ ಮುಖ್ಯೋಪಾಧ್ಯಾಯಿನಿ. ಆ ವಾರ ನಿವೃತ್ತರಾಗುವವರಿದ್ದರು. ಶಾಲೆಯ ಹಜಾರದಲ್ಲಿ ತೂಗುಹಾಕಲು ಅವರದೊಂದು ದೊಡ್ಡ ಫೋಟೊ ಬೇಕು ಎಂದು ಶಿಕ್ಷಕರು ಭಾವನಿಗೆ ಕೆಲಸ ಒಪ್ಪಿಸಿದ್ದರು. ಆಕೆ ನಕ್ಕಿದ್ದನ್ನು ಕಂಡವರು ಶಾಲೆಯಲ್ಲೇ ಇಲ್ಲ. ಅವರು ಕಾರಿಡಾರಿನಲ್ಲಿ ಬಂದರೆ ಗಂಟೆಯೂ ಹೊಡೆಯಲು ಹಿಂಜರಿಯುತ್ತದೆ ಎಂದು ಮಕ್ಕಳು ಹೇಳುತ್ತಿದ್ದರು. ಭಾವನಿಗೆ ಮಾತ್ರ ಎಲ್ಲಿಲ್ಲದ ಹುರುಪು. "ಇಡೀ ಬೀದಿಗೆ ತೋರಿಸ್ತೀನಿ, ಆ ಮುಖದ ಒಳಗೆ ಇನ್ನೊಂದು ಮುಖ ಇದೆ," ಎಂದು ಕೆಳಗಿನ ಟೈಲರನವರೆಗೆ ಎಲ್ಲರಿಗೂ ಹೇಳಿಬಿಟ್ಟಿದ್ದರು.

ಹೆಡ್‌ಮಿಸ್ ಸ್ಟೂಲಿನ ಮೇಲೆ ಕೂತರು. ಭಾವ ದೀಪ ಸರಿಸಿದರು, ಗಲ್ಲ ಇಳಿಸಿದರು, ಹೊಸ ಕ್ಯಾಮೆರಾ ಒತ್ತಿದರು. ಮತ್ತೆ ಒತ್ತಿದರು. ಬೇಕಾದಷ್ಟು ಒತ್ತಿದ ಮೇಲೆ ಆಕೆ ತುಟಿ ಅಲುಗಿಸದೆ ಕೇಳಿದರು: "ಶುರು ಮಾಡೋದು ಯಾವಾಗ?"

"ಆಯ್ತಲ್ಲ ಮೇಡಂ, ತೆಗೆದಾಯ್ತು!"

"ಹೌದಾ," ಎಂದು ಎದ್ದು ಹೋದರು.

ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದೆವು. ಒಂದೊಂದು ರೆಪ್ಪೆಗೂದಲೂ ಸ್ಪಷ್ಟವಾಗಿತ್ತು. ಆದರೆ ಎಲ್ಲದರಲ್ಲೂ ಒಂದೇ ಮುಖ, ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದಂತೆ. ಆ ವಾರ ಬಂದ ಉಳಿದ ಗಿರಾಕಿಗಳದೂ ಅದೇ ಕಥೆ. ಬೇಕರಿಯವನು ಸಾಲಗಾರನ ಹಾಗೆ, ನರ್ಸಮ್ಮ ತಾನೇ ರೋಗಿಯ ಹಾಗೆ ಕಾಣುತ್ತಿದ್ದರು.

ಭಾವ ದೀಪಗಳನ್ನು ಎಡಕ್ಕಿಟ್ಟರು, ಬಲಕ್ಕಿಟ್ಟರು, ಗೋಡೆಗೆ ಬಿಳಿ ಬಟ್ಟೆ ಕಟ್ಟಿದರು, ಬಿಚ್ಚಿದರು. ಏನೂ ಬದಲಾಗಲಿಲ್ಲ. ಆಮೇಲೆ ತಿರುಗುವ ಸ್ಟೂಲಿನ ಮೇಲೆ ತಾವೇ ಕೂತುಬಿಟ್ಟರು.

"ಕ್ಯಾಮೆರಾದ್ದೇನೂ ತಪ್ಪಿಲ್ಲ. ನನ್ನ ಕಣ್ಣೇ ಹೋಯ್ತು," ಎಂದರು. "ಇಷ್ಟು ವರ್ಷ ಹೇಗೋ ನಡೀತು. ಬಾಡಿ ವಾಪಸ್ ಕಳಿಸು, ಮಗಳೇ. ಯಾವುದೂ ಬೇಡ. ಅಂಗಡಿ ಮುಚ್ಚೋಣ."

ಭಾವ ಜಂಬ ಕೊಚ್ಚುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಆದರೆ ಅವರು ಜಂಬ ಬಿಟ್ಟು ಮಾತಾಡಿದ್ದನ್ನು ಕೇಳುವುದು ಅದಕ್ಕಿಂತ ಎಷ್ಟು ಕಷ್ಟ ಎಂದು ಅಂದು ಗೊತ್ತಾಯಿತು. 

ಅಕ್ಕ ಪರದೆ ಸರಿಸಿ ಬಂದಳು. "ನಿಮ್ಮ ಕಣ್ಣಿಗೇನಾಗಿದೆ? ಆವತ್ತು ಹೆಡ್‌ಮಿಸ್ ಬಂದಾಗ ನೀವು ಫೋಟೊ ತೆಗೆದದ್ದೇ ನಂಗೂ ಗೊತ್ತಾಗ್ಲಿಲ್ಲ. ದಿನಾ ಟಪ್ ಅನ್ನುತ್ತೆ, ಆಮೇಲೆ ಕೂತವರು ಉಸಿರು ಬಿಡ್ತಾರೆ, ಆಮೇಲೆ ಇನ್ನೊಂದು ಟಪ್. ಅದು ಕೇಳಿದ ಮೇಲೇ ನಾನು ಮುಂದಿನವರನ್ನ ಕರೆಯೋದು. ಆವತ್ತು ಏನೂ ಕೇಳ್ಲಿಲ್ಲ. ಆಯಮ್ಮನೂ ಉಸಿರು ಬಿಡ್ಲಿಲ್ಲ."

ಭಾವ ಅವಳ ಮುಖವನ್ನೇ ನೋಡಿದರು. "ಎರಡನೇ ಟಪ್ಪಾ? ನಾನು ಎರಡು ತೆಗೀತೀನಾ?"

"ತೆಗೀತೀರಿ. ನಿಮಗೇ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಮಗಳು ಹಳೆಯ ಫೋಟೊಗಳನ್ನೆಲ್ಲ ತೆರೆದಳು. ಪ್ರತಿಯೊಬ್ಬರದೂ ಜೋಡಿ ಜೋಡಿಯಾಗಿತ್ತು. ಮೊದಲನೆಯದರಲ್ಲಿ ಉಸಿರು ಕಟ್ಟಿ, ಹೊಟ್ಟೆ ಒಳಗೆಳೆದು, ಕೋರ್ಟಿನಲ್ಲಿ ನಿಂತಂತೆ ನೋಡುತ್ತಿರುವ ವ್ಯಕ್ತಿ. ಕ್ಷಣ ಬಿಟ್ಟು ತೆಗೆದ ಎರಡನೆಯದರಲ್ಲಿ, ಸದ್ದು ಕೇಳಿ 'ಅಂತೂ ಮುಗಿಯಿತು' ಎಂದು ಭುಜ ಇಳಿಬಿಟ್ಟ ಅದೇ ವ್ಯಕ್ತಿ. ಜನ ಕಟ್ಟು ಹಾಕಿಸಿದ್ದೆಲ್ಲ ಎರಡನೆಯದು. ಬೆಳಕು ಬೆಳಕು ಎಂದು ಭಾಷಣ ಮಾಡುತ್ತಿದ್ದ ಭಾವನ ಬೆರಳು, ಅವರಿಗೇ ಹೇಳದೆ, ಇಷ್ಟು ವರ್ಷ ಆ ನಿಟ್ಟುಸಿರಿಗೆ ಕಾಯುತ್ತಿತ್ತು.

"ಅಪ್ಪ, ಹೊಸದರಲ್ಲೂ ಸದ್ದು ಹಾಕಬಹುದು," ಎಂದು ಮಗಳು ಏನೋ ಒತ್ತಿ, ನನ್ನನ್ನೇ ಸ್ಟೂಲಿನ ಮೇಲೆ ಕೂರಿಸಿದಳು. ಕ್ಯಾಮೆರಾ ತನ್ನ ಪುಟ್ಟ ಸ್ಪೀಕರಿನಿಂದ ಲೊಚ್ ಎಂದಿತು. ನಾನು ಬೆಚ್ಚಿ ಗೋಡೆಯ ಮೇಲೆ ಹಲ್ಲಿ ಹುಡುಕಿದೆ. ಆ ಫೋಟೊ ಈಗಲೂ ಅಕ್ಕನ ಬಳಿ ಇದೆ, ಮನೆಗೆ ಬಂದವರಿಗೆಲ್ಲ ತೋರಿಸುತ್ತಾಳೆ.

"ಇದು ಆಗೋದಿಲ್ಲ. ಮೇಡಂ ಇನ್ನೊಂದು ಸಲ ಬರ್ತಾರಾ ಕೇಳು," ಎಂದರು ಭಾವ. ಅವರ ಧ್ವನಿಯಲ್ಲಿ ಹಳೆಯ ಜಂಬ ಅರ್ಧದಷ್ಟು ವಾಪಸಾಗಿತ್ತು.

ಹೆಡ್‌ಮಿಸ್ ಬೀಳ್ಕೊಡುಗೆಯ ಹಿಂದಿನ ಮಧ್ಯಾಹ್ನ ಬಂದರು. "ಆವತ್ತೇ ತೆಗೆದಾಯ್ತು ಅಂದ್ರಲ್ಲ? ತೆಗೆದಿರಲಿಲ್ಲ, ಅಲ್ವಾ?" ಎಂದು ಮೆಟ್ಟಿಲ ಮೇಲೇ ವಿಚಾರಣೆ ಶುರುವಾಯಿತು. ಭಾವ ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ತಲೆ ತಗ್ಗಿಸಿದರು.

ಹೊಸ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಮೌನವಾಗಿ ನಿಂತಿತ್ತು. ಅದರಿಂದ ಹೊರಟ ತಂತಿಯ ತುದಿಯ ಗುಂಡಿ ಭಾವನ ಎಡಗೈಯಲ್ಲಿ. ಬಲಗೈಯಲ್ಲಿ, ಮುಖಕ್ಕೆ ಅಡ್ಡವಾಗಿ, ಹಳೆಯ ಕ್ಯಾಮೆರಾ. ಎರಡೂ ಕೈಯಲ್ಲಿ ಒಂದೊಂದು ಹಿಡಿದ ಭಾವ ಸಂಚಾರ ಪೊಲೀಸನಂತೆ ಕಾಣುತ್ತಿದ್ದರು. ಬೇರೆ ಯಾವ ದಿನವಾದರೂ ನಾನು ನಕ್ಕುಬಿಡುತ್ತಿದ್ದೆ. ಅಂದು ಪರದೆಯ ಹಿಂದೆ ಅಕ್ಕನೂ ಕತ್ತರಿಸುವುದನ್ನು ನಿಲ್ಲಿಸಿದ್ದಳು.

"ಗಲ್ಲ ಸ್ವಲ್ಪ ಕೆಳಗೆ ಮೇಡಂ."

ಹೆಡ್‌ಮಿಸ್ ಕಲ್ಲಾದರು. ಹಳೆಯ ಕ್ಯಾಮೆರಾ ಇಡೀ ಕೋಣೆಗೆ ಕೇಳುವಂತೆ ಟಪ್ ಎಂದಿತು.

ಆಕೆಯ ಭುಜ ಇಳಿಯಿತು. ಕಿವಿಯ ಬಳಿ ಜಾರಿದ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡು, ಸೂಜಿ ಚುಚ್ಚಿಸಿಕೊಂಡು ಎದ್ದ ಮಗುವಿನ ಹಾಗೆ, "ಮುಗೀತಾ?" ಎಂದರು.

ಭಾವನ ಎಡಗೈ ಹೆಬ್ಬೆರಳು ಒಂದಿಷ್ಟು ಅಲುಗಿತು. "ಮುಗೀತು ಮೇಡಂ," ಎಂದರು. 

ಫೋಟೊ ನೋಡಲು ಹೆಡ್‌ಮಿಸ್ ಕಂಪ್ಯೂಟರಿನ ಮುಂದೆ ಬಗ್ಗಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಇದನ್ನ ಹಾಕಿದ್ರೆ ಮಕ್ಕಳು ಹೆದರೋದೇ ಇಲ್ಲ," ಎಂದರು ಕೊನೆಗೆ.

ಭಾವ ಮೌಸಿಗೆ ಕೈ ಹಾಕಿದರು. "ಹಿಂದಿನದು ಇದೆ ಮೇಡಂ. ಅದನ್ನೇ ಹಾಕಬಹುದು, ಬೇಕಾದ್ರೆ."

"ಬೇಡ, ಇದನ್ನೇ ಹಾಕಿ. ನಾಳೆಯಿಂದ ಹೆದರಿಸೋ ಕೆಲಸ ನಂದಲ್ಲವಲ್ಲ."

ಆಕೆ ಮೆಟ್ಟಿಲಿಳಿದು ಟೈಲರ್ ಅಂಗಡಿ ದಾಟಿದ್ದೇ ತಡ, ಭಾವ ಎದೆಯುಬ್ಬಿಸಿ ನಮ್ಮ ಕಡೆ ತಿರುಗಿದರು. "ಫೋಟೊ ಅಂದ್ರೆ ಏನು ಗೊತ್ತಾ? ಬೆಳಕಲ್ಲ. ಎಲ್ಲಾ ಶಬ್ದ. ನಾನು ಮೊದಲಿಂದ ಹೇಳ್ತಾನೇ ಇದ್ದೆ."

"ಹೇಳ್ತಿದ್ರಿ, ಹೇಳ್ತಿದ್ರಿ," ಎಂದಳು ಅಕ್ಕ. ಅವಳು ಜಗಳಕ್ಕೆ ನಿಲ್ಲಲಿಲ್ಲ. ಆ ಹೊತ್ತಿಗೆ ಅವಳಿಗೂ ಗಂಡ ಮತ್ತೆ ಸುಳ್ಳು ಜಂಬ ಕೊಚ್ಚಿಕೊಳ್ಳುವುದೇ ಬೇಕಾಗಿತ್ತು. ನನಗೂ ಅಷ್ಟೇ. ಅಂದು ಸಂಜೆ ಬೇಕರಿಯಲ್ಲಿ ಗುರುತಿಲ್ಲದವರೊಬ್ಬರನ್ನು ಹಿಡಿದು, "ಆ ಮಹಡಿ ಸ್ಟುಡಿಯೊ ಇದೆಯಲ್ಲ, ಅವರು ನನ್ನ ಭಾವ" ಎಂದು ಹೇಳಿಕೊಂಡೆ. ಅವರು ಏನನ್ನೂ ಕೇಳಿರಲಿಲ್ಲ.

ಮರುದಿನ ಭಾವ ಅಂಗಡಿಯವನಿಗೆ ಫೋನ್ ಮಾಡಿದರು. ಪರೀಕ್ಷೆಗೆ ಕೊಟ್ಟ ಬಾಡಿ ವಾಪಸ್ ಬರುತ್ತದೆ, ಬೇರೆಯದು ಬೇಕು ಎಂದರು. ಅವನು ಪಿಕ್ಸೆಲ್ಲು, ವೇಗ, ತೂಕ ಎಂದು ಶುರು ಮಾಡಿದ.

"ಅದೆಲ್ಲ ಇರಲಪ್ಪ. ನಿನ್ನ ಹತ್ರ ಇರೋದನ್ನೆಲ್ಲ ಒಂದೊಂದಾಗಿ ಫೋನ್ ಹತ್ರ ಹಿಡಿದು ಒತ್ತು."

"ಕ್ಯಾಮೆರಾನ ಕಿವೀಲಿ ಆರಿಸೋರನ್ನ ಇದೇ ಮೊದಲು ನೋಡ್ತಿರೋದು ಸಾರ್."

"ಒತ್ತಯ್ಯಾ."

ಭಾವ ಫೋನನ್ನು ಸ್ಪೀಕರಿಗೆ ಹಾಕಿ ಕಣ್ಣು ಮುಚ್ಚಿ ಸ್ಟೂಲಿನ ಮೇಲೆ ನೆಟ್ಟಗೆ ಕೂತರು. ನಾವು ಸುತ್ತ ನಿಂತೆವು. ಒಂದು ಚಿಕ್ ಎಂದಿತು. "ಕೆಮ್ಮಿದ ಹಾಗಿದೆ," ಎಂದರು. ಇನ್ನೊಂದು ಕ್ಲಕ್ ಎಂದಿತು. "ಇದು ಬೈದ ಹಾಗಿದೆ. ಬೇಡ." ಮೂಲೆಯಲ್ಲಿದ್ದ ಒಂದು ಬಾಡಿಯನ್ನು ಅವನು ಒಲ್ಲದ ಮನಸ್ಸಿನಿಂದ ತೆಗೆದು ಒತ್ತಿದ. ಹಳೇ ನಮೂನೆ ಸಾರ್, ಯಾರೂ ಕೇಳೋದಿಲ್ಲ, ಎಂದೂ ಸೇರಿಸಿದ.

ಟಪ್.

ಭಾವನ ಭುಜಗಳು ತಾವಾಗಿಯೇ ಇಳಿದದ್ದನ್ನು ನಾವೆಲ್ಲರೂ ನೋಡಿದೆವು.

"ಇದೇ," ಎಂದರು.

"ಯಾವ ಮಾಡೆಲ್ ಅಂತ ಕೇಳೋದಿಲ್ವಾ ಅಪ್ಪ?"

"ಅದನ್ನ ನೀನು ಕೇಳ್ಕೋ," ಎನ್ನುತ್ತ ಭಾವ ಎದ್ದು, ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ ಗಿರಾಕಿಗೆ ಸ್ಟೂಲು ತೋರಿಸಿದರು.