ಶ್ವಾನ ಪ್ರದರ್ಶನಗಳ ಕಾರ್ಯದರ್ಶಿ ಶ್ರೀ ವಿಶ್ವಾರಾಧ್ಯರು

ಶ್ವಾನ ಪ್ರದರ್ಶನವೆಂದರೆ ಸಿರಿವಂತರ ವಿನೋದವೆಂಬ ಭಾವನೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೇರೂರಿದ್ದ ಕಾಲದಲ್ಲಿ, ಅಕ್ಕರೆಯಿಂದ ನಾಯಿ ಸಾಕಿದ ಯಾರಾದರೂ ರಿಂಗಿಗೆ ಇಳಿಯಬಹುದೆಂದು ತೋರಿಸಿಕೊಟ್ಟವರು ನಮ್ಮ ಚಾಮರಾಜಪೇಟೆ ಶ್ವಾನಪ್ರಿಯರ ಸಂಘದ ಕಾರ್ಯದರ್ಶಿ ಶ್ರೀ ವಿಶ್ವಾರಾಧ್ಯರು. ಇಪ್ಪತ್ತೊಂಬತ್ತು ವರ್ಷಗಳ ಸೇವೆಯ ಬಳಿಕ ಅವರು ಈಗ ಆ ಹೊಣೆಯಿಂದ ಬಿಡುವು ಪಡೆಯುತ್ತಿದ್ದಾರೆ.

ನಗರ್ತಪೇಟೆಯಲ್ಲಿ ಅವರದು ವಿದ್ಯುತ್ ಸಾಮಾನುಗಳ ಅಂಗಡಿ. ಊರಿನ ಪ್ರದರ್ಶನಗಳ ದಿನಾಂಕಗಳನ್ನೆಲ್ಲ ಅವರು ಅಲ್ಲಿಯ ಗೋಡೆಗೆ ಅಂಟಿಸಿರುತ್ತಿದ್ದರು. ಮಾವಳ್ಳಿಯವಳಾದ ನಾನು ೨೦೧೧ರಲ್ಲಿ ಕಾಲೇಜು ವಿದ್ಯಾರ್ಥಿನಿ. ನನ್ನ ಮುಧೋಳ ನಾಯಿ ಬಾಣನನ್ನು ಪ್ರದರ್ಶನಕ್ಕೆ ಸೇರಿಸುವುದು ಹೇಗೆಂದು ತಿಳಿಯದೆ ಅಲ್ಲಿಗೆ ಹೋದೆ. ಅವರು ಗಿರಾಕಿಗಳನ್ನು ಕಾಯಿಸಿ ನನ್ನ ಅರ್ಜಿ ತುಂಬಿಸಿದರು. ತೀರ್ಪುಗಾರರು ಹಲ್ಲು ನೋಡುವಾಗ ನಾಯಿಯನ್ನು ಅಲುಗದಂತೆ ನಿಲ್ಲಿಸುವುದನ್ನು ಎಂಟು ಭಾನುವಾರ ಕಲಿಸಿದರು.

ಪ್ರದರ್ಶನದ ಬೆಳಿಗ್ಗೆ ಅದೇ ವಿಭಾಗದಲ್ಲಿ ಅವರ ತಮ್ಮನ ಮಗ ಗೌರೀಶನೂ ತನ್ನ ನಾಯಿಯೊಡನೆ ನಿಂತಿದ್ದ. ಸಾಲಿನುದ್ದಕ್ಕೂ ನೋಡುತ್ತ ಬಂದ ವಿಶ್ವಾರಾಧ್ಯರು ಬಾಣನ ತುಟಿ ಎತ್ತಿ ನೋಡಿದರು.

"ಇವತ್ತು ಇವನನ್ನ ಓಡಿಸ್ಬೇಡಮ್ಮ. ಒಸಡೆಲ್ಲ ಬೆಳ್ಳಗಾಗಿದೆ. ಡಾಕ್ಟರ್ ಹತ್ರ ಕರ್ಕೊಂಡ್ಹೋಗು."

"ನಿಮ್ಮನೆ ನಾಯಿ ಗೆಲ್ಲಲಿ ಅಂತ ಹೀಗಂತೀರಾ?" ಎಂದುಬಿಟ್ಟೆ. ಸುತ್ತಲಿದ್ದವರು ತಿರುಗಿ ನೋಡಿದರು.

"ಹಾಗೇ ಅಂದ್ಕೊ. ಆದ್ರೆ ಈಗ್ಲೇ ಹೊರಡು," ಎಂದ ಅವರು ತಾವೇ ಆಟೋ ತಂದು ನಿಲ್ಲಿಸಿದರು.

ಅದು ಉಣ್ಣೆಹುಳದಿಂದ ಬಂದ ಜ್ವರ. ರಕ್ತ ತೀರಾ ಕಡಿಮೆಯಾಗಿತ್ತು. ಓಡಿಸಿದ್ದರೆ ಉಳಿಯುತ್ತಿರಲಿಲ್ಲವೆಂದು ವೈದ್ಯರು ಹೇಳಿದರು. ಅತ್ತ ಗೌರೀಶನ ನಾಯಿಗೆ ಮೊದಲ ಬಹುಮಾನ ಬಂತು. ನನ್ನ ಮಾತು ಪೇಟೆಯಲ್ಲೆಲ್ಲ ಹಬ್ಬಿತು. ಎರಡು ವಾರದ ಮೇಲೆ ಕ್ಷಮೆ ಕೇಳಲೆಂದು ಅಂಗಡಿಗೆ ಹೋದಾಗ ಅವರು ನನ್ನನ್ನು ಮಾತು ಮುಗಿಸಲು ಬಿಡಲಿಲ್ಲ. "ಬಾಣ ಊಟ ಮಾಡ್ತಿದಾನಾ?" ಎಂದಷ್ಟೇ ಕೇಳಿದರು. ಆಮೇಲೆ ಬಾಣ ಒಂಬತ್ತು ವರ್ಷ ಬದುಕಿದ.

ಈ ವರ್ಷ ಕಾರ್ಯದರ್ಶಿಯ ಕೆಲಸ ವಹಿಸಿಕೊಳ್ಳುವಾಗ ಸಂಘದ ಹಳೆಯ ನಡಾವಳಿ ಪುಸ್ತಕ ನನ್ನ ಕೈಸೇರಿತು. ಆ ಪ್ರದರ್ಶನದ ಮರುವಾರ ಅವರು ಸಂಘಕ್ಕೆ ಬರೆದ ಪತ್ರ ಅದರಲ್ಲಿತ್ತು: ತಾವು ಕಾರ್ಯದರ್ಶಿಯಾಗಿರುವವರೆಗೆ ತಮ್ಮ ಮನೆಯ ಯಾವ ನಾಯಿಯೂ ಸ್ಪರ್ಧಿಸುವುದಿಲ್ಲ. ಇದರಿಂದ ಗೌರೀಶ ಎರಡು ವರ್ಷ ದೊಡ್ಡಪ್ಪನೊಡನೆ ಮಾತು ಬಿಟ್ಟಿದ್ದನಂತೆ. ಇದಾವುದನ್ನೂ ಅವರು ನನಗೆ ಹೇಳಿರಲಿಲ್ಲ.

"ನನ್ನಿಂದ ಹೀಗಾಯ್ತಲ್ಲ ಸಾರ್," ಎಂದೆ, ಪತ್ರ ಓದಿದ ಮೇಲೆ ಅವರ ಅಂಗಡಿಗೆ ಹೋಗಿ.

"ನೀನು ಕೇಳಿದ್ರಲ್ಲಿ ತಪ್ಪೇನಿತ್ತಮ್ಮ? ನಮ್ಮನೆ ನಾಯಿ ರಿಂಗಲ್ಲಿದ್ದಾಗ ಯಾರಾದ್ರೂ ಹಾಗೆ ಕೇಳ್ಲೇಬೇಕು," ಎಂದರು.

ಪೂಜ್ಯರಿಗೆ ಎಪ್ಪತ್ತೆರಡು ತುಂಬಿದೆ. ಆಯುಸ್ಸು, ಆರೋಗ್ಯ, ಭಾನುವಾರದ ಬೆಳಗುಗಳಲ್ಲಿ ಮೈದಾನ ಸುತ್ತುವ ಕಾಲ್ಬಲ ಅವರಿಗೆ ಬಹುಕಾಲ ಇರಲೆಂದು ಸಂಘದ ಪರವಾಗಿ ಹಾರೈಸುತ್ತೇನೆ. ಬರುವ ತಿಂಗಳ ಪ್ರದರ್ಶನಕ್ಕೆ ಅವರ ಹೆಣ್ಣುನಾಯಿಯ ಅರ್ಜಿ ಬಂದಿದೆ. ಲಸಿಕೆಯ ದಾಖಲೆ ಲಗತ್ತಿಸದ ಕಾರಣ ಅದನ್ನು ಹಿಂದಿರುಗಿಸಿದ್ದೇನೆ.

— ಯಶಶ್ರೀ