ತತ್ತಿ ಅಲ್ರೀ, ತೋಫು

ಕೆಲಸದ ಸಲುವಾಗಿ ಮೂಡಲಗಿಗೆ ಬಂದು ಬಾಡಿಗೆ ಮನೆ ಹಿಡಿದಾಗ ಮಾಲಕಿ ಗಂಗವ್ವ ಕಾಕು ಹಾಕಿದ್ದು ಒಂದೇ ಷರತ್ತು: ಒಳಗೆ ತತ್ತಿ, ಮಾಂಸ ಬೇಯಬಾರದು. ಒಂದು ಭಾನುವಾರ ಸಂಜೆ ಹೊಟ್ಟೆತುಂಬ ಉಣ್ಣೋಣವೆಂದು, ಬೆಳಗಾವಿಯಿಂದ ತಂದ ತೋಫುವನ್ನು ತುಂಡು ಮಾಡಿ, ಟೊಮೆಟೊ, ಬಳ್ಳೊಳ್ಳಿ ಹಾಕಿ ಪಾಸ್ತಾದ ಜೊತೆ ಕುದಿಸುತ್ತಿದ್ದೆ. ಮಾಳಿಗೆ ಮೇಲೆ ಒಣಹಾಕಿದ್ದ ಅರಿವೆ ತೆಗೆಯಲು ಬಂದ ಕಾಕು ನನ್ನ ಅಡುಗೆಮನೆಯೊಳಗೆ ಇಣುಕಿದರು. ಬೋಗುಣಿಯಲ್ಲಿ ಬಿಳಿ ತುಂಡು ಕಂಡದ್ದೇ ಮುಖ ಬಿಗಿಯಿತು.

“ಅಕ್ಕಾರ, ತತ್ತಿ ಬೇಯಿಸಾಕತ್ತೀರಿ! ನಾಳೆ ಮನಿ ಖಾಲಿ ಮಾಡ್ರಿ.”

“ತತ್ತಿ ಅಲ್ರೀ ಕಾಕು. ಸೋಯಾಬೀನಿನ ಹಾಲು ಒಡಿಸಿ ಮಾಡಿದ್ದು.”

“ಸೋಯಾಬೀನ್ ಏನ್ ಎಮ್ಮಿ ಏನ್ರಿ, ಹಾಲ ಕೊಡಾಕ?”

ವಾದ ಬಿಟ್ಟು ಒಂದು ತುಂಡು ತಟ್ಟೆಗೆ ಹಾಕಿ ಮುಂದಿಟ್ಟೆ. ಮೂಸಿ ನೋಡಿದರು. “ಶಿವಾ” ಎಂದು ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. ಅವರು ಅಗಿಯುವಷ್ಟು ಹೊತ್ತು ನಾನು ಮನಸ್ಸಿನಲ್ಲೇ ಪಾತ್ರೆಪಡಗ ಕಟ್ಟುತ್ತಿದ್ದೆ.

“ತತ್ತಿ ಅಲ್ಲ ಬಿಡ್ರಿ,” ಎಂದರು ಕೊನೆಗೆ. “ತತ್ತಿಗಾದ್ರೂ ರುಚಿ ಇರತೈತಿ.”

ಅದು ನಿಮಗ ಹೆಂಗ ಗೊತ್ತು ಕಾಕು ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಮೂಡಲಗಿಯಲ್ಲಿ ಇಂಥ ಗಾಳಿ ಬೆಳಕಿನ ಮನೆ ಮತ್ತೆ ಸಿಗಬೇಕಲ್ಲ! ಅವರಿಗೂ ಒಂದು ಸೌಟು ಬಡಿಸಿದೆ.